ತಪ್ಪು ಗಂಡನದು, ದಂಡ ಯಾರಿಗೆ?

ಇಬ್ಬರು ಹೆಂಡಿರ ಗಂಡ ಎಂದರೆ ನಮ್ಮ ಜನಕ್ಕೆ ಮೊದಲು ಬರುವುದು ನಗು. ಕಂಪನಿ ನಾಟಕದಲ್ಲಿ ನಕ್ಕಿದ್ದೇವೆ, ಸಿನಿಮಾದಲ್ಲಿ ನಕ್ಕಿದ್ದೇವೆ, ಹೋಟೆಲಿನ ಬೆಂಚಿನ ಮೇಲೆ ಟೀ ಕುಡಿಯುತ್ತಾ ನಕ್ಕಿದ್ದೇವೆ. 'ಏನಪ್ಪಾ, ಇವತ್ತು ಯಾವ ಮನೇಲಿ ಊಟ?' ಎಂದು ಕೇಳಿದರೆ ಆ ಗಂಡಸೂ ಮೀಸೆ ತಿರುವಿಕೊಂಡು ನಗುತ್ತಾನೆ. ಆ ನಗುವಿನಲ್ಲಿ ಹೊಟ್ಟೆಕಿಚ್ಚು ಇದ್ದೀತೇ ಹೊರತು ಅಸಹ್ಯ ಇರುವುದಿಲ್ಲ. ಅಸಹ್ಯವೆಲ್ಲ ಬೇರೆ ಕಡೆ ಖರ್ಚಾಗುತ್ತದೆ. ಅದೇ ಗಂಡಸಿನ ಎರಡನೆಯ ಹೆಂಡತಿ ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಬಂದರೆ ಸಾಲಿನಲ್ಲಿ ಮಾತು ನಿಂತುಹೋಗುತ್ತದೆ. ಅವಳ ಮಗ ಇಸ್ಕೂಲಿನಲ್ಲಿ ಗೋಲಿ ಆಡುವಾಗ ಜಗಳವಾಡಿದರೆ ಅವನ ಮೇಲೆ ಬೀಳುವ ಮೊದಲ ಬೈಗುಳ ಯಾವುದು ಎಂಬುದನ್ನು ನಮ್ಮ ಓದುಗರಿಗೆ ಬರೆದು ತಿಳಿಸಬೇಕಾಗಿಲ್ಲ.

ಇದೇ ಜನ ದೇವರ ಎರಡನೆ ಸಂಸಾರವನ್ನು ರಾತ್ರಿಯಿಡೀ ಹಾಡುತ್ತಾರೆ. ನಂಜನಗೂಡಿನ ನಂಜುಂಡನಿಗೂ ಬೆಟ್ಟದ ಚಾಮುಂಡಿಗೂ ಇರುವ ಸಂಬಂಧ, ಅದಕ್ಕೆ ಪಾರ್ವತಿ ತೆಗೆಯುವ ಜಗಳ ಮೈಸೂರು ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕರೆದುಕೊಂಡು ಹೋದ ಎಂದು ಸೋಲಿಗರು ಇವತ್ತಿಗೂ ಅವನನ್ನು ಭಾವ ಎಂದೇ ಕರೆಯುತ್ತಾರೆ. ದೇವರು ಮಾಡಿದರೆ ಲೀಲೆ, ಊರ ಗೌಡ ಮಾಡಿದರೆ ಗತ್ತು, ನಮ್ಮ ಕೇರಿಯವನು ಮಾಡಿದರೆ ಹಲ್ಕಟ್ ಕೆಲಸ. ಮೂರರಲ್ಲೂ ಹೆಣ್ಣಿನ ಪಾಡು ಏನಾಯಿತು ಎಂದು ಕೇಳಿದವರು ಕಮ್ಮಿ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಒಬ್ಬ ಗಂಡಸು ಇಬ್ಬರು ಹೆಂಗಸರನ್ನು ಕಟ್ಟಿಕೊಳ್ಳುವುದು ಅನ್ಯಾಯ. ಅವನು ಹಿಂದೂ ಆಗಲಿ, ಮುಸಲ್ಮಾನನಾಗಲಿ, ನಮ್ಮದೇ ಸಂಘಟನೆಯ ಕೆಂಪು ಟವೆಲ್ಲಿನ ಸಂಗಾತಿಯಾಗಲಿ, ಅದಕ್ಕೆ ಸಬೂಬು ಇಲ್ಲ. ಇಲ್ಲಿ ನಾವು ಕೇಳಹೊರಟಿರುವುದು ಬೇರೆ ಪ್ರಶ್ನೆ. ತಪ್ಪು ನಡೆದುಹೋದ ಮೇಲೆ ಸರ್ಕಾರ ಮತ್ತು ಸಮಾಜ ಎರಡೂ ಆ ಸಂಸಾರದ ಕಡೆ ತಿರುಗಿ ನೋಡುತ್ತವಲ್ಲ, ಆ ನೋಟ ಯಾರ ಮೇಲೆ ಬೀಳುತ್ತದೆ? ದೊಣ್ಣೆ ಎತ್ತುವುದು ಗಂಡಸಿನ ಹೆಸರಿನಲ್ಲಿ, ಬೀಳುವುದು ಯಾರ ಬೆನ್ನಿಗೆ?

ಕಾನೂನಿನ ಕಥೆಯಿಂದಲೇ ಶುರು ಮಾಡೋಣ. 1946ರಲ್ಲಿ ಮುಂಬಯಿ ಪ್ರಾಂತ್ಯ ಹಿಂದೂ ಗಂಡಸಿನ ಎರಡನೆ ಮದುವೆಯನ್ನು ನಿಷೇಧ ಮಾಡಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರು ಆಗ ಆ ಪ್ರಾಂತ್ಯದ ಪ್ರಜೆಗಳು. 1949ರಲ್ಲಿ ಮದ್ರಾಸಿನವರು ಇಂಥದೇ ಕಾಯಿದೆ ತಂದರು, ಬಳ್ಳಾರಿ ಮಂಗಳೂರಿನವರು ಅದರ ಕೆಳಗೆ ಬಂದರು. ಮೈಸೂರು ಸೀಮೆಯ ಗಂಡಸಿಗೆ ಮಾತ್ರ 1955ರ ತನಕ ಪುರುಸೊತ್ತಿತ್ತು. ಮುಂಬಯಿ ಕಾಯಿದೆಯನ್ನು ವಿರೋಧಿಸಿ ಹೈಕೋರ್ಟಿಗೆ ಹೋದವರ ವಾದವನ್ನು ಇವತ್ತು ಓದಿದರೆ ನಗು ಬರುತ್ತದೆ. ಹಿಂದೂವಿಗೆ ಗಂಡುಮಗ ಇಲ್ಲದೆ ಸದ್ಗತಿಯಿಲ್ಲ, ಆದ್ದರಿಂದ ಎರಡನೆ ಹೆಂಡತಿ ಧರ್ಮದ ಭಾಗ ಎಂಬ ವಾದ ಅದು. 1951ರಲ್ಲಿ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರ ಪೀಠ ಅದನ್ನು ತಳ್ಳಿಹಾಕಿತು. ಮಗ ಬೇಕಿದ್ದರೆ ದತ್ತು ತಗೊಳ್ಳಬಹುದಲ್ಲ?

ಅದೇ 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟು ಹೊರಗೆ ಬಂದರು. ರಾಜೀನಾಮೆಗೆ ಅವರು ಕೊಟ್ಟ ಕಾರಣಗಳಲ್ಲಿ ಹಿಂದೂ ಕೋಡ್ ಬಿಲ್ಲಿನ ಕೊಲೆ ಮುಖ್ಯವಾದದ್ದು. ಒಬ್ಬಳೇ ಹೆಂಡತಿ, ವಿಚ್ಛೇದನದ ಹಕ್ಕು, ಹೆಣ್ಣಿಗೆ ಆಸ್ತಿ, ಈ ಮೂರನ್ನೂ ಒಟ್ಟಿಗೆ ಕಟ್ಟಿ ತಂದಿದ್ದ ಬಿಲ್ಲು ಅದು. ಧರ್ಮ ಕೆಟ್ಟಿತು ಎಂದು ಬೊಬ್ಬೆ ಹೊಡೆದವರು ಯಾರು ಎಂಬುದು ದಾಖಲೆಯಲ್ಲಿದೆ. ಇವತ್ತು ಬಹುಪತ್ನಿತ್ವದ ವಿರುದ್ಧ ಮೈಕು ಹಿಡಿದು ಕೂಗುತ್ತಿರುವವರ ಸೈದ್ಧಾಂತಿಕ ಅಜ್ಜಂದಿರು ಆ ಬೊಬ್ಬೆಯಲ್ಲಿ ಇದ್ದರು ಎಂಬುದನ್ನು ಮಾತ್ರ ಮರೆಯಬಾರದು. ಬಿಲ್ಲನ್ನು ತುಂಡು ತುಂಡು ಮಾಡಿ ಪಾಸು ಮಾಡಿದರು. ಮದುವೆಯ ತುಂಡು 1955ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದು ಹೆಣ್ಣಿಗೆ ಆದ ಜಯ, ಅನುಮಾನ ಬೇಡ.

ಆದರೆ ಕಾಯಿದೆ ಪುಸ್ತಕದಲ್ಲಿರುವುದು ಒಂದು, ಕಚೇರಿಯಲ್ಲಿ ನಡೆಯುವುದು ಇನ್ನೊಂದು. ದಂಡಸಂಹಿತೆಯ 494ನೆಯ ಕಲಮು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 82ನೆಯ ಕಲಮು, ಎರಡನೆ ಮದುವೆಗೆ ಏಳು ವರ್ಷದ ತನಕ ಜೈಲು ಎನ್ನುತ್ತದೆ. ಕೇಳಿದರೆ ಎದೆ ನಡುಗಬೇಕು. ಯಾವ ಗಂಡಸಿನ ಎದೆಯೂ ನಡುಗುವುದಿಲ್ಲ. ಏಕೆಂದರೆ ನಮ್ಮ ಕಡೆ ಪೊಲೀಸರು ತಾವಾಗಿಯೇ ಹೋಗಿ ಅವನನ್ನು ಹಿಡಿಯುವಂತಿಲ್ಲ. ಮೊದಲ ಹೆಂಡತಿಯೋ ಅವಳ ಪರವಾಗಿ ತವರಿನವರೋ ಕೋರ್ಟಿಗೆ ಹೋಗಿ ಫಿರ್ಯಾದು ಕೊಡಬೇಕು. ಅನ್ನ ಹಾಕುವವನನ್ನು ಜೈಲಿಗೆ ಕಳಿಸಿದರೆ ನಾಳೆ ಅನ್ನ ಎಲ್ಲಿಂದ? ಸ್ಟೇಷನ್ನಿಗೆ ಹೋದರೆ 'ಅಮ್ಮಾ, ಇದು ನಿಮ್ಮ ಮನೆ ವಿಷ್ಯ, ಹಿರೇರ್‍ನ ಕೂರಿಸಿ ಮಾತಾಡ್ಕೊಳ್ಳಿ' ಎಂದು ಕಳಿಸುತ್ತಾರೆ. ಹಿರಿಯರು ಕೂತು 'ಆಗಿದ್ದು ಆಯ್ತು, ಇಬ್ಬರೂ ಅಕ್ಕ ತಂಗೀರ ತರ ಇರ್ರಿ' ಅನ್ನುತ್ತಾರೆ. ಆ ಹಿರಿಯರಲ್ಲಿ ಇಬ್ಬರಿಗಾದರೂ ಎರಡೆರಡು ಸಂಸಾರ ಇರುತ್ತದೆ.

ಹಾಗೂ ಹಟ ಹಿಡಿದು ಒಬ್ಬಳು ಕೋರ್ಟಿನ ಮೆಟ್ಟಿಲು ಹತ್ತಿದಳು ಎನ್ನಿ. 1965ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇವತ್ತಿಗೂ ಗಂಡಸರ ಕೈಯಲ್ಲಿರುವ ಗುರಾಣಿ. ಎರಡನೆ ಮದುವೆ ಶಾಸ್ತ್ರೋಕ್ತವಾಗಿ ನಡೆದಿದೆ ಎಂದು ಸಾಬೀತಾಗಬೇಕು, ಹೋಮ ಆಗಿರಬೇಕು, ಸಪ್ತಪದಿ ಆಗಿರಬೇಕು, ಅಥವಾ ಅವೆಲ್ಲ ಬೇಡ ಎನ್ನುವ ರೂಢಿ ಆ ಜಾತಿಯಲ್ಲಿ ಇದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಅದು ಮದುವೆಯೇ ಅಲ್ಲ, ಮದುವೆಯೇ ಅಲ್ಲದ ಮೇಲೆ ಅಪರಾಧವೂ ಇಲ್ಲ. ಅದೇ ಕಾಲದ ಇನ್ನೊಂದು ತೀರ್ಪಿನಲ್ಲಿ ಗಂಡಸು ತಾನೇ ಮದುವೆಯಾಗಿದ್ದೇನೆ ಎಂದು ಒಪ್ಪಿಕೊಂಡರೂ ಅಷ್ಟೇ ಸಾಲದು ಎಂದಾಯಿತು. ಅಂದರೆ ಎರಡನೆಯವಳನ್ನು ಯಾವುದೋ ಬೆಟ್ಟದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರಿಶಿನದ ಕೊಂಬು ಕಟ್ಟಿ, ಏಳು ಹೆಜ್ಜೆ ಇಡಿಸದೆ ಕರೆದುಕೊಂಡು ಬಂದವನು ಪಾರಾದ. ಆ ಏಳು ಹೆಜ್ಜೆಯಲ್ಲಿ ಒಂದು ಹೆಜ್ಜೆ ಕಡಿಮೆ ಇಟ್ಟರೂ ಸಾಕು, ಏಳು ವರ್ಷದ ಜೈಲು ತಪ್ಪುತ್ತದೆ!

ನಮ್ಮ ಕೇರಿಗಳಲ್ಲಿ ಯಾರು ಏಳು ಹೆಜ್ಜೆ ಇಟ್ಟಿದ್ದಾರೆ? ಕುಲದ ಯಜಮಾನನ ಮುಂದೆ ಸೀರೆ ಉಡಿಸಿ, ತಾಂಬೂಲ ಹಂಚಿದರೆ ಕೂಡಾವಳಿ ಆಯಿತು, ಉತ್ತರದ ಕಡೆ ಸೀರುಡಿಕೆ ಆಯಿತು. ಅದರಲ್ಲಿ ಹುಟ್ಟಿ ಬೆಳೆದವರು ನಾವು. ಕಾಯಿದೆಯ 7ನೆಯ ಕಲಮು ರೂಢಿಯ ಮದುವೆಯನ್ನು ಒಪ್ಪುತ್ತದೆ, ನಿಜ. ಆದರೆ ರೂಢಿ ಇದೆ ಎಂದು ಸಾಕ್ಷಿ ತಂದು ರುಜುವಾತು ಮಾಡುವ ಹೊರೆ ಕೂಲಿಗೆ ಹೋಗುವ ಹೆಣ್ಣಿನ ತಲೆಯ ಮೇಲೆ. ಕುವೆಂಪು ಅವರ ಮಂತ್ರ ಮಾಂಗಲ್ಯ ಓದಿ, ಬಾಬಾಸಾಹೇಬರ ಫೋಟೋ ಇಟ್ಟು ನಾವು ಮದುವೆಗಳನ್ನು ಮಾಡಿಸಿದ್ದೇವೆ, ಪುರೋಹಿತನನ್ನು ಚಪ್ಪರದಿಂದ ಓಡಿಸಿದ್ದೇವೆ ಎಂದು ಹೆಮ್ಮೆಪಟ್ಟಿದ್ದೇವೆ. ಓಡಿಹೋದವನು ಎಲ್ಲಿಗೂ ಹೋಗಿಲ್ಲ, ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ಕೂತಿದ್ದಾನೆ.

ಈಗ ಇದೇ ಮದುವೆಯನ್ನು ಇನ್ನೊಂದು ಬದಿಯಿಂದ ನೋಡಿ. ಗಂಡಸು ಎರಡನೆಯವಳನ್ನು ಬಿಟ್ಟುಹೋದ. ಅವಳು ಜೀವನಾಂಶ ಕೇಳಲು ಬಂದಳು. 1988ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮೊದಲ ಹೆಂಡತಿ ಇರುವಾಗ ಆದ ಮದುವೆ ಅಸಿಂಧು, ನೀನು ಹೆಂಡತಿಯಲ್ಲ, ಮೊದಲ ಮದುವೆಯ ವಿಷಯ ನಿನಗೆ ಗೊತ್ತಿರಲಿಲ್ಲ ಎಂಬುದೂ ಮುಖ್ಯವಲ್ಲ. 2005ರಲ್ಲಿ ಮತ್ತೆ ಅದೇ ಮಾತು, ಕಾನೂನು ಸಾಲದು, ಆದರೆ ತಿದ್ದಬೇಕಾದವರು ಶಾಸನ ಮಾಡುವವರು ಎಂಬ ಮರುಕದ ಜೊತೆಗೆ. 2013ರಲ್ಲಿ ಮಾತ್ರ ಒಂದು ಕಿಟಕಿ ತೆರೆಯಿತು, ಮೊದಲ ಮದುವೆ ಮುಚ್ಚಿಟ್ಟು ಮೋಸ ಮಾಡಿದವನು ಜೀವನಾಂಶದ ಮಟ್ಟಿಗೆ ಅವಳನ್ನು ಹೆಂಡತಿಯಲ್ಲ ಎನ್ನುವಂತಿಲ್ಲ ಎಂದು. ನಡುವೆ 2010ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಇಂಥ ಹೆಣ್ಣಿಗೆ ಇಂಗ್ಲಿಷಿನಲ್ಲಿ 'ಕೀಪ್' ಎಂಬ ಪದವನ್ನೇ ಬಳಸಿತು. ಅಂದರೆ ನಮ್ಮ ಬೀದಿಯ 'ಇಟ್ಕೊಂಡೋಳು'. ಇಂದಿರಾ ಜೈಸಿಂಗ್ ಕೋರ್ಟಿನಲ್ಲೇ ಎದ್ದು ನಿಂತು ಆ ಪದಕ್ಕೆ ಆಕ್ಷೇಪ ಎತ್ತಿದರು. ನಲ್ಲಿಯ ಸಾಲಿನಿಂದ ಹೊರಟ ಮಾತು ದಿಲ್ಲಿಯ ತನಕ ಹೋಗಲು ಬಸ್ಸು ರೈಲು ಏನೂ ಬೇಕಾಗುವುದಿಲ್ಲ.

ಗಂಡಸನ್ನು ಶಿಕ್ಷಿಸಬೇಕೆಂದರೆ ಆ ಮದುವೆ ನಡೆದೇ ಇಲ್ಲ. ಹೆಂಗಸಿಗೆ ಅನ್ನ ಕೊಡಬೇಕೆಂದರೂ ಆ ಮದುವೆ ನಡೆದೇ ಇಲ್ಲ. ಹಾಗಾದರೆ ಅದು ನಡೆದದ್ದು ಎಲ್ಲಿ? ಅವಳ ಮೈಮೇಲೆ ನಡೆಯಿತು, ಅವಳ ಹೊಟ್ಟೆಯಲ್ಲಿ ನಡೆಯಿತು, ಊರ ಬಾಯಲ್ಲಿ ನಡೆಯಿತು.

ತಾಳಿ ಕಟ್ಟದೇ ಇಟ್ಟುಕೊಂಡವನಂತೂ ಕಾನೂನಿಗೆ ಕಾಣುವುದೇ ಇಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೊಲೆಯರ, ಮಾದಿಗರ ಹೆಣ್ಣುಮಕ್ಕಳ ಮನೆಗೆ ರಾತ್ರಿ ಬಂದು ಬೆಳಗ್ಗೆ ವಾಡೆಗೆ ಹೋದ ಧಣಿಗಳ ಮೇಲೆ 494ನೆಯ ಕಲಮು ಹಾಕಲು ಬರುವುದಿಲ್ಲ, ಅವರು ಕಟ್ಟಿದ್ದು ಒಬ್ಬಳಿಗೇ. ದೇವದಾಸಿ ಸಮರ್ಪಣೆ ನಿಷೇಧದ ಕಾಯಿದೆ 1982ರಲ್ಲಿ ನಮ್ಮ ರಾಜ್ಯದಲ್ಲಿ ಆಯಿತು. ಮುತ್ತು ಕಟ್ಟಿಸಿದ ಹೆತ್ತವರಿಗೆ ಅದರಲ್ಲಿ ಹೆಚ್ಚಿನ ಶಿಕ್ಷೆ ಬರೆದಿದೆ. ಕಟ್ಟಿಸಿದವರದ್ದು ತಪ್ಪೇ, ನಾವೇ ಗುಡ್ಡದ ಕೆಳಗೆ ನಿಂತು ಕರಪತ್ರ ಹಂಚಿದ್ದೇವೆ. ಆದರೆ ಆ ಮಗಳ ಮಕ್ಕಳಿಗೆ ಅಪ್ಪನಾದವನು ಯಾವ ಕಾಯಿದೆಯ ಯಾವ ಸಾಲಿನಲ್ಲಿದ್ದಾನೆ? ಆದ್ದರಿಂದಲೇ ನಾವು ಕೇಳುವುದು: ಬಹುಪತ್ನಿತ್ವದ ತಪ್ಪು ಎಣಿಕೆಯಲ್ಲಿದೆಯೋ, ತಾಳಿಯಲ್ಲಿದೆಯೋ? ಎಣಿಕೆಯಲ್ಲಿದ್ದರೆ ಧಣಿಯೂ ಅಪರಾಧಿ. ತಾಳಿಯಲ್ಲಿದ್ದರೆ, ತಾಳಿ ಕಟ್ಟಿ ಹೆಂಡತಿ ಎಂದು ಕರೆದವನು ದೊಡ್ಡ ಪಾಪಿ, ಏನೂ ಕಟ್ಟದೆ ಉಂಡು ಎದ್ದು ಹೋದವನು ಸಜ್ಜನ ಎಂದಾಗುತ್ತದೆ. ನಮ್ಮ ತಿಳುವಳಿಕೆಯಲ್ಲಿ ತಪ್ಪು ಇರುವುದು ಒಂದು ಜೀವವನ್ನು ತನ್ನ ಮೇಲೆ ಒರಗಿಸಿಕೊಂಡು ಆಮೇಲೆ ಆ ಭಾರವನ್ನು ಅಲ್ಲಗಳೆಯುವುದರಲ್ಲಿ. ಮೊದಲನೆಯವಳಿಗೂ ಅವನು ಮಾಡಿದ್ದು ಅದೇ, ಎರಡನೆಯವಳಿಗೂ ಅದೇ. ಸರ್ಕಾರ ಅವನ ಆ ಅಲ್ಲಗಳೆಯುವಿಕೆಗೆ ಮೊಹರು ಒತ್ತಿಕೊಡುತ್ತಿದೆ.

ಇನ್ನು ಸಾರ್ವಜನಿಕರ ಸಿಟ್ಟಿನ ವಿಷಯ. ಬಹುಪತ್ನಿತ್ವ ಎಂದ ಕೂಡಲೇ ಪೇಟೆಯ ಓದಿದ ಜನ ಒಂದೇ ಧರ್ಮದ ಕಡೆ ಬೆರಳು ತೋರಿಸುತ್ತಾರೆ. 1961ರ ಜನಗಣತಿಯ ಅಂಕಿಗಳಿಂದ ತೆಗೆದ ಲೆಕ್ಕದಲ್ಲಿ ಹಿಂದೂಗಳಲ್ಲಿ ಶೇಕಡಾ 5.8, ಮುಸಲ್ಮಾನರಲ್ಲಿ 5.7 ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಿಂದೂ ಹೆಂಗಸರಲ್ಲಿ 1.3, ಮುಸ್ಲಿಂ ಹೆಂಗಸರಲ್ಲಿ 1.9. ನಮ್ಮ ಲೆಕ್ಕವನ್ನೂ ಮುಚ್ಚಿಡುವುದಿಲ್ಲ, ಪರಿಶಿಷ್ಟ ಜಾತಿಗಳಲ್ಲಿ 1.5, ಬುಡಕಟ್ಟುಗಳಲ್ಲಿ 2.4. ಎಲ್ಲ ಕಡೆಯೂ ಇಳಿಯುತ್ತಾ ಬಂದಿದೆ. ಜನಸಂಖ್ಯೆಯ ಪ್ರಮಾಣ ನೋಡಿದರೆ ದೇಶದಲ್ಲಿ ಇಂಥ ಸಂಸಾರಗಳಲ್ಲಿ ಹೆಚ್ಚಿನವು ಹಿಂದೂಗಳವೇ. 1995ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಸಿದ್ಧ ಮೊಕದ್ದಮೆಯಲ್ಲಿ ಎರಡನೆ ಮದುವೆಗಾಗಿ ಇಸ್ಲಾಮಿಗೆ ಮತಾಂತರವಾದ ನಾಟಕ ಆಡಿದವರು ಹಿಂದೂ ಗಂಡಸರು. ಕೋರ್ಟು ಆ ಆಟ ನಡೆಯದು ಎಂದಿತು. ಆಮೇಲೆ ದೇಶವೆಲ್ಲ ಚರ್ಚೆ ಮಾಡಿದ್ದು ಮುಸಲ್ಮಾನರ ಕಾನೂನನ್ನು! ಮೋಸ ಮಾಡಿದವನ ಹೆಸರೇ ಮರೆತುಹೋಯಿತು.

ಇಷ್ಟು ಹೇಳಿ ಮುಸ್ಲಿಂ ಹೆಣ್ಣುಮಕ್ಕಳ ಸಂಕಟವನ್ನು ಸಣ್ಣದು ಮಾಡುವ ಜಾತ್ಯತೀತ ಸೌಜನ್ಯ ನಮಗೆ ಬೇಡ. ನಿಕಾಹದ ಹೆಸರಿನಲ್ಲಿ ಸವತಿ ತರುವುದು ನಿಲ್ಲಬೇಕು ಎಂದು ಅವರ ಸಂಘಟನೆಗಳೇ ಸುಪ್ರೀಂ ಕೋರ್ಟಿಗೆ ಹೋಗಿವೆ. ಅವರ ಜೊತೆ ನಿಲ್ಲಬೇಕು. ಆದರೆ 2025ರ ನವೆಂಬರಿನಲ್ಲಿ ಅಸ್ಸಾಮಿನ ವಿಧಾನಸಭೆ ಪಾಸು ಮಾಡಿದ ಮಸೂದೆಯನ್ನು ನೋಡಿ. ಶಿಕ್ಷೆಯಾದವನಿಗೆ ಜೈಲಷ್ಟೇ ಅಲ್ಲ, ಸರ್ಕಾರಿ ನೌಕರಿ ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರದ ಯೋಜನೆಗಳ ಸೌಲಭ್ಯ ಇಲ್ಲ. ಹೆಂಗಸರಿಗೆ ಪರಿಹಾರ ಎಂಬ ಮಾತೂ ಅದರಲ್ಲಿದೆ, ಒಪ್ಪೋಣ. ಆದರೆ ಬಡವನ ಮನೆಗೆ ಬರುವ ಯೋಜನೆಯ ಸೌಲಭ್ಯ ಅವನೊಬ್ಬನ ಹೊಟ್ಟೆಗೆ ಹೋಗುತ್ತದೆಯೇ? ಗಂಡನ ಹೆಸರಿನ ಸೌಲಭ್ಯ ಕಿತ್ತುಕೊಂಡರೆ ಹಸಿಯುವವರು ಎರಡೂ ಮನೆಯ ಮಕ್ಕಳು. ಬುಡಕಟ್ಟುಗಳನ್ನು ಆ ಮಸೂದೆಯಿಂದ ಹೊರಗಿಟ್ಟಿದ್ದಾರೆ, ಉತ್ತರಾಖಂಡದ ಸಮಾನ ಸಂಹಿತೆಯಿಂದಲೂ ಹೊರಗಿಟ್ಟಿದ್ದಾರೆ, 1955ರ ಕಾಯಿದೆಯಿಂದಲೂ. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಹೆಣ್ಣಿನ ಮೇಲಿನ ಮರುಕವೇ ಕಾರಣವಾಗಿದ್ದರೆ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿರುವ ಕಡೆ ಮರುಕ ಯಾಕೆ ಸುಮ್ಮನಾಯಿತು ಎಂದಷ್ಟೇ ನಮ್ಮ ಅನುಮಾನ.

ಸರ್ಕಾರ ಸುಮ್ಮನೆ ಕೂರದೆ ನಿಜವಾಗಿಯೂ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ಅಲ್ಲಿನ ಮಾರ್ಮನ್ ಪಂಥದ ಮುಖ್ಯ ಚರ್ಚು 1890ರಲ್ಲೇ ಬಹುಪತ್ನಿತ್ವ ಬಿಟ್ಟಿತು, ಬಿಡದೆ ಒಡೆದುಹೋದ ಗುಂಪೊಂದು ಅರಿಝೋನಾದ ಶಾರ್ಟ್ ಕ್ರೀಕ್ ಎಂಬಲ್ಲಿ ನೆಲೆಸಿತ್ತು. 1953ರ ಜುಲೈ 26ರ ಬೆಳಗಿನ ಜಾವ ನೂರಕ್ಕೂ ಹೆಚ್ಚು ಪೊಲೀಸರು ಊರಿಗೆ ನುಗ್ಗಿ 263 ಮಕ್ಕಳನ್ನು ಕರೆದೊಯ್ದರು. ಕೆಲವು ಮಕ್ಕಳು ಎರಡು ವರ್ಷ ತಾಯಂದಿರ ಹತ್ತಿರ ಬರಲಿಲ್ಲ. ಅಳುವ ಮಕ್ಕಳ ಫೋಟೋ ಪತ್ರಿಕೆಯಲ್ಲಿ ಬಂದಾಗ ಅದುವರೆಗೆ ಆ ಊರನ್ನು ಬೈಯುತ್ತಿದ್ದ ಜನ ಗವರ್ನರನ ಮೇಲೆ ತಿರುಗಿ ಬಿದ್ದರು, ಮುಂದಿನ ವರ್ಷ ಅವನು ಚುನಾವಣೆ ಸೋತ. 2008ರಲ್ಲಿ ಟೆಕ್ಸಾಸಿನಲ್ಲಿ ಮತ್ತೆ ಹಾಗೇ ಆಯಿತು. ನಾನೂರಕ್ಕೂ ಹೆಚ್ಚು ಮಕ್ಕಳನ್ನು ಒಯ್ದರು, ಎಲ್ಲರನ್ನೂ ಹೀಗೆ ಕಿತ್ತುಕೊಂಡದ್ದಕ್ಕೆ ಆಧಾರವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಆ ಪಂಥದೊಳಗೆ ಎಳೆ ಹುಡುಗಿಯರ ಮೇಲೆ ನಡೆದ ಅತ್ಯಾಚಾರ ಸುಳ್ಳಲ್ಲ, ಅದರ ಮುಖಂಡನಿಗೆ 2011ರಲ್ಲಿ ಜೀವಾವಧಿ ಆಯಿತು. ಯೂಟಾ ಸಂಸ್ಥಾನದವರು 2020ರಲ್ಲಿ ಬೇರೆ ದಾರಿ ಹಿಡಿದರು. ವಯಸ್ಸಿಗೆ ಬಂದವರು ಒಪ್ಪಿ ಹೀಗೆ ಬಾಳಿದರೆ ಅದನ್ನು ಸಣ್ಣ ತಪ್ಪು ಮಾಡಿ, ಬಲವಂತಕ್ಕೂ ಮೋಸಕ್ಕೂ ಕಠಿಣ ಶಿಕ್ಷೆ ಇಟ್ಟರು. ಜೈಲಿನ ಹೆದರಿಕೆಯಿಂದ ಹೆಂಗಸರು ಒಳಗಿನ ದೌರ್ಜನ್ಯವನ್ನು ಹೊರಗೆ ಹೇಳುವುದಿಲ್ಲ ಎಂಬುದು ಅವರ ಲೆಕ್ಕ. ಇಲ್ಲಿ ಹಾಗೇ ಮಾಡಿ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಮಕ್ಕಳನ್ನು ಪೊಲೀಸ್ ಬಸ್ಸಿನಲ್ಲಿ ಕೂರಿಸಿ ಒಯ್ಯುತ್ತಾರೆ. ಇಲ್ಲಿ ಅಷ್ಟು ಖರ್ಚು ಮಾಡುವುದಿಲ್ಲ, ಕಾಗದದಿಂದ ಅಳಿಸುತ್ತಾರೆ.

ಆ ಅಳಿಸುವ ಕೆಲಸದಲ್ಲಿ ನಮ್ಮ ಕೈಯೂ ಇದೆ. ಈ ಲೇಖನ ಬರೆಯುವ ಸಂಕಟ ಹುಟ್ಟಿದ್ದು ಅಲ್ಲಿಂದ.

ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಕೇರಿಯ ಒಬ್ಬ ಖಾಯಂ ಪೌರಕಾರ್ಮಿಕ ತೀರಿಕೊಂಡ. ಮೊದಲ ಹೆಂಡತಿಗೆ ಒಬ್ಬ ಮಗ. ಎರಡನೆಯವಳಿಗೆ ಇಬ್ಬರು ಹೆಣ್ಣುಮಕ್ಕಳು, ಪಕ್ಕದ ಕಾಲೋನಿಯಲ್ಲಿ ಬಾಡಿಗೆ ಮನೆ. ಹೆಣ ದೊಡ್ಡ ಹೆಂಡತಿಯ ಮನೆಯಲ್ಲಿತ್ತು. ಚಿಕ್ಕವಳು ಮಕ್ಕಳ ಕೈ ಹಿಡಿದುಕೊಂಡು ಬಂದು ಹೊಂಗೆ ಮರದ ಕೆಳಗೆ ನಿಂತಳು. ಗಲಾಟೆ ಆಗಬಾರದು ಎಂದು ಬಾಗಿಲಲ್ಲಿ ನಿಂತು ಅವರನ್ನು ಒಳಗೆ ಬಿಡದವರು ನಾವು, ಸಂಘಟನೆಯವರು. ಮಣ್ಣಿಗೆ ಹೋಗುವಾಗ ಮಕ್ಕಳು ಹಿಂದಿನಿಂದ ನೋಡಿದರು. ಅಷ್ಟೇ.

ಆಮೇಲೆ ಅನುಕಂಪದ ನೌಕರಿಯ ಪ್ರಶ್ನೆ ಬಂತು. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷ ಹೇಗೆ ಹುಟ್ಟುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು: ಅಫಿಡವಿಟ್ಟು, ಗ್ರಾಮ ಲೆಕ್ಕಿಗರು ಬಂದು ಮಾಡುವ ಮಹಜರು, ಅಕ್ಕಪಕ್ಕದವರ ರುಜು. ಸರ್ಕಾರವೂ ಸಾರ್ವಜನಿಕರೂ ಒಂದೇ ಕಾಗದದ ಮೇಲೆ ಕೂಡುವ ಜಾಗ ಈ ಮಹಜರು. ಕೇರಿಯವರೆಲ್ಲ ಕೂಡಿ ಮರದಿಂದ ಒಂದು ಕೊಂಬೆ ಕಡಿದೆವು. ಸಾಲದ್ದಕ್ಕೆ ಚಿಕ್ಕವಳು ಅರ್ಜಿ ಹಾಕಿಯಾಳು ಎಂದು ನಾವೇ ಒಂದು ತಕರಾರು ಅರ್ಜಿ ಬರೆದುಕೊಟ್ಟೆವು. 'ಸದರಿ ಮೃತರ ಅನೈತಿಕ ಸಂಬಂಧದಿಂದ ಜನಿಸಿದ ಮಕ್ಕಳಿಗೆ ಯಾವುದೇ ಸೌಲಭ್ಯ ನೀಡಬಾರದಾಗಿ ಕೋರಿಕೆ.' ಮನುಸ್ಮೃತಿ ಸುಟ್ಟ ಕೈಯಿಂದ ಬರೆದ ವಾಕ್ಯ. ಕಚೇರಿಯ ಸಾಹೇಬರು ಓದಿ 'ಚೆನ್ನಾಗಿ ಬರ್ದಿದ್ದೀರಿ' ಎಂದರು.

ದೊಡ್ಡ ಹೆಂಡತಿಯನ್ನು ನಾವು ಇಲ್ಲಿ ಕೆಟ್ಟವಳು ಮಾಡುತ್ತಿಲ್ಲ. ಅವಳು ಹದಿನಾರು ವರ್ಷ ಸಂಬಳದ ದಿನ ಬಾಗಿಲಲ್ಲಿ ಕೂತು ಕಾದವಳು. ಅರ್ಧ ಸಂಬಳ ಬರುವ ಮೊದಲೇ ಇನ್ನೊಂದು ಮನೆಗೆ ಹೋಗಿರುತ್ತಿತ್ತು, ಉಳಿದರ್ಧ ಸಾರಾಯಿ ಅಂಗಡಿಗೆ. ಅವಳು ನಮಗೆ ಹೇಳಿದ ಮಾತು ಇನ್ನೂ ನೆನಪಿದೆ: 'ಆ ಹುಡ್ಗೀರ್ ಮೇಲೆ ನಂಗೇನೂ ಹಗೆ ಇಲ್ಲ ಕಣ್ರಪ್ಪ. ಅವ್ಳ್ ಆಸ್ಪತ್ರೇಲಿದ್ದಾಗ ಆ ಮಕ್ಕಳಿಗೆ ಮುದ್ದೆ ಹಾಕಿದೋಳು ನಾನೇ. ಆದ್ರೆ ಕೆಲ್ಸ ಒಂದೇ ಅಲ್ವ ಇರೋದು?'

ಕೆಲಸ ಒಂದೇ. ಇಡೀ ವಿಷಯ ಅಲ್ಲಿದೆ. ಹಸಿದ ಎರಡು ಮನೆಯ ನಡುವೆ ಒಂದು ರೊಟ್ಟಿ ಎಸೆದು, ಇಬ್ಬರು ಹೆಂಗಸರಲ್ಲಿ ಯಾರು ಶುದ್ಧ ಎಂದು ಜಗಳ ಆಡಿಸಲು ಬಿಟ್ಟರು. ಹಸಿವಿನ ಪ್ರಶ್ನೆಯನ್ನು ನಾವು ಶೀಲದ ಪ್ರಶ್ನೆ ಮಾಡಿಕೊಟ್ಟೆವು. ಮಗನಿಗೆ ಕೆಲಸ ಕೊಡಿ, ಉಳಿದ ದುಡ್ಡಿನಲ್ಲಿ ಮೂರೂ ಮಕ್ಕಳಿಗೆ ಪಾಲು ಹಾಕಿ ಎಂದು ಕೇಳಬಹುದಿತ್ತು. ಯಾರ ತಲೆಗೂ ಹೊಳೆಯಲಿಲ್ಲ. ಇಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳು ಸಕ್ರಮ ಮಕ್ಕಳೇ ಎಂದು 1976ರ ತಿದ್ದುಪಡಿಯಿಂದಲೇ ಕಾಯಿದೆಯ 16ನೆಯ ಕಲಮು ಹೇಳುತ್ತಿದೆ. ನಾವು 'ಅನೈತಿಕ' ಎಂದು ಬರೆದ ದಿನ ಆ ಹುಡುಗಿಯರು ನಮಗಿಂತ ಕಾನೂನಿಗೇ ಹತ್ತಿರವಿದ್ದರು. ಕಚೇರಿಯವರಿಗೆ ಅದು ಗೊತ್ತಿರಬೇಕಿತ್ತು. ನಮಗೂ.

ಮುಂದಿನ ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಹಿರಿಯ ಹುಡುಗಿ, ಹದಿನಾಲ್ಕು ವರ್ಷ ಇದ್ದೀತು, ನೀಲಿ ಬಾವುಟ ಹಿಡಿದು ಬಂದಿದ್ದಳು. ನಮ್ಮ ಪಕ್ಕ ಬಂದು ಕೇಳಿದಳು, 'ಅಣ್ಣಾ, ಅನೈತಿಕ ಅಂದ್ರೇನು?' ಯಾರೋ ಅರ್ಜಿಯ ನಕಲನ್ನು ಅವರ ಮನೆಗೆ ಮುಟ್ಟಿಸಿದ್ದರು. 'ಅದು ಆಫೀಸಿನ ಭಾಷೆ ಕಣವ್ವ, ನಿಂಗ್ಯಾಕೆ' ಎಂದೆವು. ಅವಳು ಬಾವುಟವನ್ನು ಇನ್ನೊಬ್ಬಳ ಕೈಗೆ ಕೊಟ್ಟು ಹೋದಳು.

ಈಚೆಗೆ ಕೋರ್ಟುಗಳು ನಮಗಿಂತ ಮುಂದೆ ಹೋಗಿವೆ. 2018ರಲ್ಲಿ ರೈಲ್ವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಎರಡನೆ ಹೆಂಡತಿಯ ಮಗು ಎಂಬ ಒಂದೇ ಕಾರಣಕ್ಕೆ ಅನುಕಂಪದ ನೌಕರಿ ನಿರಾಕರಿಸುವಂತಿಲ್ಲ ಎಂದಿತು. 2021ರಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ನಾಗರತ್ನ ಅವರ ಪೀಠ, ಅಕ್ರಮ ಎನ್ನುವುದಾದರೆ ತಂದೆತಾಯಿಯನ್ನು ಅನ್ನಬಹುದು, ಮಕ್ಕಳನ್ನಲ್ಲ ಎಂಬ ಅರ್ಥದ ಮಾತು ಹೇಳಿತು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮೊಕದ್ದಮೆ ಹನ್ನೆರಡು ವರ್ಷ ದೊಡ್ಡ ಪೀಠಕ್ಕಾಗಿ ಕಾದು, 2023ರ ಸೆಪ್ಟೆಂಬರ್ 1ರಂದು ತೀರ್ಮಾನವಾಯಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬರುವುದರಲ್ಲಿ ಈ ಮಕ್ಕಳಿಗೂ ಪಾಲುಂಟು. ತಾಯಿಗೆ ಇಲ್ಲ. ಅವಳು ಇನ್ನೂ ಹೊಂಗೆ ಮರದ ಕೆಳಗೇ ನಿಂತಿದ್ದಾಳೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಅವಳಿಗೆ ಬರಬೇಕಾದರೂ ರೇಷನ್ ಕಾರ್ಡಿನಲ್ಲಿ ಅವಳು ಒಂದು ಮನೆಯ ಯಜಮಾನಿ ಎಂದಿರಬೇಕು. 'ಗಂಡನ ಹೆಸರು ಆ ಕಾರ್ಡಲ್ಲಿದೆಯಲ್ಲಮ್ಮ, ನೀನ್ಯಾರು?' ಎಂದು ಕೌಂಟರಿನಲ್ಲಿ ಕೇಳಿಸಿಕೊಂಡು ವಾಪಸು ಬಂದವರನ್ನು ನಾವು ನೋಡಿದ್ದೇವೆ. ಅವರ ಜೊತೆ ಮತ್ತೆ ಅದೇ ಕೌಂಟರಿಗೆ ಹೋಗುವುದು ಈಗ ನಮ್ಮ ಕೆಲಸಗಳಲ್ಲಿ ಒಂದು.

ಆ ಹಿರಿಯ ಹುಡುಗಿ ಈಗ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೂ ಒಂದು ಮಗುವಿದೆ. ಕಳೆದ ತಿಂಗಳು ನಮ್ಮ ಆಫೀಸಿಗೆ ಬಂದಳು. ಅಪ್ಪನ ಪಾಲಿನ ಮೂವತ್ತು ಗುಂಟೆ ಜಮೀನಿನ ವಿಷಯ. ಎರಡೂ ಮನೆಯವರ ಹೆಸರಿರುವ ಹೊಸ ವಂಶವೃಕ್ಷ ಆಗಬೇಕು, ಮಹಜರಿಗೆ ರುಜು ಬೇಕು ಎಂದಳು. ಹಳೆಯ ಮಾತು ಎತ್ತಲಿಲ್ಲ. ನಾವು ರುಜು ಹಾಕಿದೆವು, ಕೇರಿಯಲ್ಲಿ ಇನ್ನು ಮೂವರ ಹತ್ತಿರ ಹಾಕಿಸಿದೆವು. ದೊಡ್ಡ ಹೆಂಡತಿಯ ಮಗನ ರುಜು ಆಗಿಲ್ಲ. 'ಅಮ್ಮನ್ನ ಕೇಳಿ ಹೇಳ್ತೀನಿ' ಅಂದ. ಅಮ್ಮ 'ಅವರಿಗೆ ಎಷ್ಟು ಗುಂಟೆ ಹೋಗ್ತದೆ?' ಎಂದು ಕೇಳಿದಳಂತೆ. ಕೇಳಬೇಕಾದ ಪ್ರಶ್ನೆಯೇ. ಮುಂದಿನ ಭಾನುವಾರ ಎರಡೂ ಮನೆಯವರನ್ನು ಕೂರಿಸಿ ಲೆಕ್ಕ ಹಾಕುವುದಿದೆ.